ಹಗ್ಗದ ಎರಡು ತುದಿ



ರಜೆ ಬಂತೆಂದರೆ ಮುಂಬಯಿ, ಪುಣೆಯ ನಮ್ಮವರು ಗೋವೆಯ ಕಡೆ ಹೊರಡುವುದು ವಾಡಿಕೆ. ಅಲ್ಲಿ ದೋಣಿಯ ಹಿಂದೆ ಬಣ್ಣದ ಪ್ಯಾರಾಚೂಟ್‌ಗೆ ನೇತುಬಿದ್ದು ಹಾರುವವರನ್ನು ಕಂಡರೆ 'ನಾವೂ ಒಂದು ಸಲ ನೋಡೋಣವೇ?' ಅನ್ನಿಸದೆ ಇರದು. ಹಾರುವ ಮೊದಲು ಈ ಪ್ಯಾರಾಸೇಲಿಂಗ್ ಬಂದ ದಾರಿಯನ್ನು ಸ್ವಲ್ಪ ತಿಳಿದುಕೊಳ್ಳೋಣ.

1961ರ ಸುಮಾರಿಗೆ ಫ್ರಾನ್ಸಿನ ಎಂಜಿನಿಯರ್ ಪಿಯರ್ ಲಮ್ವಾನ್ಯ್ ಪ್ಯಾರಾಚೂಟಿನ ಬಟ್ಟೆಯಲ್ಲಿ ಅಲ್ಲಲ್ಲಿ ಸೀಳುಗಳನ್ನು ಬಿಟ್ಟರು. ಗಾಳಿ ಆ ಸೀಳುಗಳಿಂದ ಹಿಂದಕ್ಕೆ ನುಗ್ಗಿತು. ಕೆಳಗಿಳಿಯುವುದಷ್ಟೇ ಗೊತ್ತಿದ್ದ ಪ್ಯಾರಾಚೂಟ್, ಹಗ್ಗ ಕಟ್ಟಿ ಎಳೆದರೆ ಮೇಲೇರತೊಡಗಿತು! ವಿಮಾನದ ಖರ್ಚಿಲ್ಲದೆ ಪ್ಯಾರಾಚೂಟ್ ತರಬೇತಿ ಕೊಡಲು ಇದು ಅನುಕೂಲವಾಯಿತು. ಹಾರುವವನು ಕಲಿತವನು, ಇಳಿಯುವ ಹೊಣೆ ಅವನದೇ.

ಮುಂದೆ ಇದು ಕಡಲತೀರದ ಮೋಜಾಯಿತು. ಮೊದಮೊದಲು ಮರಳಿನ ಮೇಲೆ ಓಡಿ ಮೇಲೇರಬೇಕಿತ್ತು. 1970ರ ದಶಕದಲ್ಲಿ ಅಮೆರಿಕದಲ್ಲಿ ಹಗ್ಗ ಬಿಚ್ಚಿ ಸುತ್ತುವ ವಿಂಚ್ ಯಂತ್ರವನ್ನು ದೋಣಿಗೇ ಜೋಡಿಸಿದರು. ದೋಣಿಯಿಂದಲೇ ಏರಿ ದೋಣಿಗೇ ಇಳಿಯುವಂತಾಯಿತು. ಕಲಿಯುವ ಅಗತ್ಯವೇ ಇಲ್ಲ, ಸುಮ್ಮನೆ ಕುಳಿತರೆ ಸಾಕು!

ಇಲ್ಲೇ ಒಂದು ದೊಡ್ಡ ಬದಲಾವಣೆ ಆಗಿಹೋಯಿತು. ಹಾರುವವನ ಜೀವದ ಹೊಣೆ ಅವನ ಕೈಬಿಟ್ಟು, ಹಗ್ಗದ ಇನ್ನೊಂದು ತುದಿಯಲ್ಲಿರುವ ದೋಣಿಯವನ ಕೈ ಸೇರಿತು.

ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. ಬಿಸಿಲು, ಉಪ್ಪುನೀರಿಗೆ ಸವೆದ ಹಗ್ಗ ಆಗ ತಡೆಯುವುದಿಲ್ಲ. ಹಗ್ಗ ತುಂಡಾದರೆ ಪ್ಯಾರಾಚೂಟ್ ಗಾಳಿ ಬೀಸಿದ ಕಡೆಗೇ. ಅಮೆರಿಕದ ಫ್ಲಾರಿಡಾದಲ್ಲಿ 2007ರಲ್ಲಿ ಒಬ್ಬ ಹುಡುಗಿ, 2012ರಲ್ಲಿ ಒಬ್ಬ ಮಹಿಳೆ ಹಾರಲು ಹೋಗಿ ಪ್ರಾಣ ಕಳೆದುಕೊಂಡರು. ಅವರಿಬ್ಬರ ಹೆಸರಿನಲ್ಲೇ 2014ರಲ್ಲಿ ಅಲ್ಲಿ ಕಾನೂನು ಬಂತು. ಒಂದೇ ಸಮನೆ ಬೀಸುವ ಗಾಳಿ ಗಂಟೆಗೆ ಸುಮಾರು 32 ಕಿಲೋಮೀಟರ್ ದಾಟಿದರೆ ಅಥವಾ 11 ಕಿಲೋಮೀಟರ್ ಒಳಗೆ ಮಿಂಚು ಕಂಡರೆ ಹಾರಿಸುವಂತಿಲ್ಲ.

ಹಾಗಾದರೆ ಮೊದಲ ಸಲ ಹಾರುವವರು ಮಾಡಬೇಕಾದದ್ದೇನು? ಮೇಲೇರಿದ ಮೇಲೆ ನಮ್ಮ ಕೈಯಲ್ಲಿ ಏನೂ ಇಲ್ಲ. ಇರುವುದೆಲ್ಲ ಏರುವ ಮೊದಲೇ. ಇವತ್ತು ಗಾಳಿ ಎಷ್ಟಿದೆ? ಹಗ್ಗ ಬದಲಿಸಿ ಎಷ್ಟು ದಿನವಾಯಿತು? ನೀರಿಗೆ ಬಿದ್ದರೆ ಬೆಲ್ಟ್ ಬಿಚ್ಚುವುದು ಹೇಗೆ? ಕೇಳಿ, ಸಂಕೋಚ ಬೇಡ. ಲೈಫ್ ಜಾಕೆಟ್ ಮೈಗೆ ಸರಿಯಾಗಿ ಕೂತಿದೆಯೇ ನೋಡಿಕೊಳ್ಳಿ. ಉತ್ತರ ಹಾರಿಕೆಯದ್ದಾದರೆ ಕೊಟ್ಟ ದುಡ್ಡು ಹೋದರೂ ಹೋಗಲಿ, ನೀವು ಹಾರಬೇಡಿ.

'ಮೀನುಗಾರರು ಸಮುದ್ರಕ್ಕೆ ಇಳಿಯಬಾರದು' ಎಂಬ ಹವಾಮಾನ ಸೂಚನೆಯನ್ನು ರೇಡಿಯೋದಲ್ಲಿ ಎಷ್ಟೋ ಸಲ ಓದಿದ್ದೇನೆ. ಕಡಲನ್ನೇ ನಂಬಿ ಬದುಕುವವರಿಗೇ ಆ ಮಾತು ಹೇಳುವ ದಿನ, ರಜೆಗೆ ಹೋದ ನಮಗೆ ಆಕಾಶದಲ್ಲಿ ಏನು ಕೆಲಸ, ಅಲ್ಲವೇ?