ಚಾಂಪಿಯನ್ ರೀಫ್ಸ್‌ಗೆ ಕಾವೇರಿ ಕರೆಂಟು ಬಂತು, ಗುಡ್ಡ ಉಳಿಯಿತು

ಬೆಸ್ಕಾಂ ಬಿಲ್ಲು ಕೈಗೆ ಬಂದಾಗ ಯೂನಿಟ್ ಎಷ್ಟು, ರೂಪಾಯಿ ಎಷ್ಟು ಅಂತ ನೋಡುತ್ತೇವೆ. ಆ ಕರೆಂಟು ಹುಟ್ಟಿದ ಕಡೆ ಎಷ್ಟು ಹೊಗೆ ಎದ್ದಿತು ಅನ್ನುವುದು ಬಿಲ್ಲಿನಲ್ಲಿ ಬರೆದಿರುವುದಿಲ್ಲ. ಇವತ್ತು ದೇಶದ ಸರಾಸರಿ ಲೆಕ್ಕ ಹಿಡಿದರೆ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. 1902ರಲ್ಲಿ ನಮ್ಮ ಕೋಲಾರ ಚಿನ್ನದ ಗಣಿಗೆ ಬಂದ ಕರೆಂಟಿಗೆ ಈ ಹೊಗೆ ಇರಲಿಲ್ಲ. ಅದು ಪೂರ್ತಿ ನೀರಿನ ಕರೆಂಟು. ಹಾಗಿದ್ದರೂ ಚಾಂಪಿಯನ್ ರೀಫ್ಸ್ ಸುತ್ತ ಇವತ್ತು ನಾವು ನೋಡುವ ಬೂದಿ ಬಣ್ಣದ ಗುಡ್ಡಗಳು ಬೆಳೆದದ್ದು ಅದೇ ಕರೆಂಟಿನ ಬಲದಲ್ಲಿ.

ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರ ಹೊತ್ತಿಗೆ ಇಲ್ಲಿ ಕೈ ಹಾಕಿದಾಗ ಎಲ್ಲವೂ ಹಬೆಯ ಮೇಲೆ ನಡೆಯುತ್ತಿತ್ತು. ಅದಿರು ಮೇಲೆತ್ತಲು ಹಬೆ, ನೀರು ಹೊರಹಾಕಲು ಹಬೆ, ಕಲ್ಲು ಕುಟ್ಟಲು ಹಬೆ. ಬಾಯ್ಲರಿಗೆ ಸುತ್ತಲ ಕಾಡಿನ ಸೌದೆ ಬೇಕು, ದೂರದ ಕಲ್ಲಿದ್ದಲು ಬೇಕು. ಆಗಿನ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ 1894ರಲ್ಲಿ ರೈಲು ಬಂದ ಮೇಲೆ ಈ ಸಾಗಣೆ ಸಲೀಸಾಯಿತು. ಚಾಂಪಿಯನ್ ಸ್ಟೇಷನ್ ಇರುವುದು ಇದೇ ದಾರಿಯಲ್ಲಿ. ಆದರೆ ಗಣಿ ಆಳಕ್ಕೆ ಇಳಿದಷ್ಟೂ ಇಂಧನದ ಖರ್ಚು ಏರುತ್ತಿತ್ತು.

ಹೀಗಾಗಿ ಕಾವೇರಿಯ ಮೇಲೆ ಕಣ್ಣು ಬಿತ್ತು. ಶಿವನಸಮುದ್ರದ ಜಲಪಾತದಿಂದ ಕರೆಂಟು ತೆಗೆಯುವ ಯೋಜನೆಯನ್ನು ಮುಂದಿಟ್ಟವರು ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್. ಅದಕ್ಕೆ ಒತ್ತಾಸೆಯಾಗಿ ನಿಂತವರು ದಿವಾನ್ ಶೇಷಾದ್ರಿ ಅಯ್ಯರ್. ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್ ತಂತಿ ಎಳೆದು 1902ರ ಜೂನ್ 30ರಂದು ಕೆಜಿಎಫ್‌ಗೆ ವಿದ್ಯುತ್ ಕೊಟ್ಟರು. ಆ ಕಾಲಕ್ಕೆ ಅದು ಪ್ರಪಂಚದ ಅತಿ ಉದ್ದದ ಲೈನುಗಳಲ್ಲಿ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಲೈನು ಹಾದುಹೋದ ಹಳ್ಳಿಗಳು ಇನ್ನೂ ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿಯಲ್ಲೇ ಇದ್ದವು ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲ ಬಾಯ್ಲರುಗಳೂ ಒಂದೇ ದಿನ ತಣ್ಣಗಾಗಲಿಲ್ಲ, ಆದರೂ ಸೌದೆ ಮತ್ತು ಕಲ್ಲಿದ್ದಲಿನ ಉರಿ ಇಳಿಯಿತು. ಬದಲಿಗೆ ಭಾರ ಬೇರೆಯವರ ಮೇಲೆ ಬಿತ್ತು. ಬೇಸಿಗೆಯಲ್ಲಿ ಕಾವೇರಿ ಬತ್ತಿದರೆ ಗಣಿಯ ಪಂಪು ನಿಲ್ಲುತ್ತದೆ. ಕನ್ನಂಬಾಡಿಯಲ್ಲಿ ನೀರು ಕೂಡಿಡಬೇಕು ಅಂತ ವಿಶ್ವೇಶ್ವರಯ್ಯನವರು ವಾದಿಸಿದಾಗ, ಗಣಿಗೆ ತಪ್ಪದೆ ಕರೆಂಟು ಕೊಡುವುದೂ ಒಂದು ಮುಖ್ಯ ಕಾರಣವಾಗಿತ್ತು. 1911ರಲ್ಲಿ ಕೆಲಸ ಶುರುವಾಯಿತು. ಆ ನೀರಿನಡಿ ಮನೆ, ಹೊಲ, ಗುಡಿ ಕಳೆದುಕೊಂಡ ಊರುಗಳಿಗೂ ಚಾಂಪಿಯನ್ ರೀಫ್ಸ್‌ನ ಬಾವಿಗೂ ನಂಟಿದೆ ಅಂದರೆ ಮಂಡ್ಯದ ಕಡೆಯವರು ನಂಬುವುದು ಕಷ್ಟ.

ಇನ್ನು ಕಸದ ವಿಷಯ. ಮೊದಮೊದಲು ಅದಿರನ್ನು ಕುಟ್ಟಿ, ಪಾದರಸ ಬಳಿದ ತಾಮ್ರದ ತಗಡಿನ ಮೇಲೆ ಹರಿಸಿ ಚಿನ್ನ ಹಿಡಿಯುತ್ತಿದ್ದರು. ಎಷ್ಟೋ ಚಿನ್ನ ಮರಳಿನ ಜೊತೆ ಹೊರಗೆ ಹೋಗುತ್ತಿತ್ತು. 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ಸೈನೈಡ್ ವಿಧಾನ ಕಂಡುಹಿಡಿದ ಮೇಲೆ, ಬಿಸಾಡಿದ ಆ ಮರಳನ್ನೇ ತೊಟ್ಟಿಗೆ ಹಾಕಿ ಸೈನೈಡ್ ನೀರಿನಲ್ಲಿ ನೆನೆಸಿ ಉಳಿದ ಚಿನ್ನ ತೆಗೆಯತೊಡಗಿದರು. ಈಗ ರೀಸೈಕಲ್ ಅನ್ನುವ ಮಾತನ್ನು ದೊಡ್ಡದಾಗಿ ಹೇಳುತ್ತಾರಲ್ಲ, ನಮ್ಮೂರಲ್ಲಿ ಅದು ನೂರು ವರ್ಷಕ್ಕೂ ಹಳೆಯದು. ಲಾಭ ಸಿಗುವ ತನಕ ಮಾತ್ರ ಅದು ನಡೆಯಿತು. ಲಾಭ ಮುಗಿದ ಮರಳನ್ನು ಬಯಲಿಗೆ ಸುರಿದರು. ಕರೆಂಟು ಹೆಚ್ಚಾದಂತೆ ಗಣಿ ಆಳವಾಯಿತು. ಚಾಂಪಿಯನ್ ರೀಫ್ಸ್ ಮೂರು ಕಿಲೋಮೀಟರಿಗೂ ಕೆಳಗಿಳಿಯಿತು. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಗಾಳಿ ತಂಪು ಮಾಡಲೂ ಕರೆಂಟೇ ಬೇಕಿತ್ತು. ಮೇಲೆ ಗುಡ್ಡವೂ ಅಷ್ಟೇ ಎತ್ತರವಾಯಿತು.

ಸೈನೈಡ್ ಗುಡ್ಡ ಅಂದರೆ ಹೆಸರಿಗೇ ಹೆದರುತ್ತೇವೆ. ಮೇಲ್ಪದರದ ಸೈನೈಡ್ ಬಿಸಿಲು ಗಾಳಿಗೆ ಬಹಳ ಮಟ್ಟಿಗೆ ಒಡೆದು ಹೋಗುತ್ತದೆ. ಹೋಗದೆ ಉಳಿಯುವುದು ಹಿಟ್ಟಿನಷ್ಟು ನುಣ್ಣಗಾದ ಕಲ್ಲಿನ ಪುಡಿ, ಅದರೊಳಗಿನ ಸಿಲಿಕಾ. ಈ ಪುಡಿ ಏನು ಮಾಡುತ್ತದೆ ಅಂತ ಗಣಿಯವರಿಗೆ ಮೊದಲೇ ಗೊತ್ತಿತ್ತು. 1947ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 7,653 ಕಾರ್ಮಿಕರ ಪೈಕಿ ಶೇ. 43.7ರಷ್ಟು ಜನರಿಗೆ ಸಿಲಿಕೋಸಿಸ್ ಕಂಡಿತ್ತು. ಅದು ಸುರಂಗದೊಳಗೆ ದುಡಿದವರ ಲೆಕ್ಕ. ಗುಡ್ಡದ ಪಕ್ಕದ ಲೈನುಮನೆಗಳಲ್ಲಿ ಗಾಳಿ ಬೀಸಿದಾಗ ಒಣಗಿಸಿದ ಬಟ್ಟೆ, ಮುಚ್ಚದ ಪಾತ್ರೆಯ ಮೇಲೆ ಕೂರುವ ಧೂಳಿನದು ಬೇರೆ ಲೆಕ್ಕ.

2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಪಂಪುಗಳು ನಿಂತವು, ಬಾವಿಗಳಲ್ಲಿ ನೀರು ತುಂಬಿತು. ಗುಡ್ಡಗಳು ಸಿನಿಮಾದವರ ಕಣ್ಣಿಗೆ ಬಿದ್ದವು. 2024ರ ಜೂನ್‌ನಲ್ಲಿ ರಾಜ್ಯ ಸಂಪುಟ 13 ಗುಡ್ಡಗಳಿರುವ 1,003 ಎಕರೆಯಲ್ಲಿ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಅಲ್ಲಿರುವುದು ಸುಮಾರು 3.3 ಕೋಟಿ ಟನ್ ಮರಳು. ಅದರಲ್ಲಿ 23 ಟನ್ ಚಿನ್ನ ಇದೆ ಅನ್ನುವುದು ಪತ್ರಿಕೆಗಳಲ್ಲಿ ಬಂದ ಅಂದಾಜು. ಭಾಗಿಸಿ ನೋಡಿದರೆ ಟನ್ನಿಗೆ 0.7 ಗ್ರಾಂ. ಮೂರು ಟನ್ ತುಂಬಿದ ಒಂದು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಎರಡು ಗ್ರಾಂ ಚಿಲ್ಲರೆ.

ಕೆಲಸ ಸಿಕ್ಕೀತು ಅಂತ ಕೆಜಿಎಫ್‌ನಿಂದ ದಿನಾ ಬೆಂಗಳೂರಿಗೆ ರೈಲು ಹತ್ತುವವರು ಆಸೆಪಟ್ಟರೆ ತಪ್ಪಲ್ಲ, ನಮಗೂ ಆ ಆಸೆ ಇದೆ. ಆದರೆ ಚಿನ್ನ ತೆಗೆದ ಮೇಲೂ 3.3 ಕೋಟಿ ಟನ್ ಮರಳು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಹೊಸದಾಗಿ ಪುಡಿಯಾಗಿ, ಹೊಸದಾಗಿ ಸೈನೈಡ್ ಕುಡಿದು. ಗುತ್ತಿಗೆ ಹಿಡಿಯುವ ಕಂಪನಿ ಅದನ್ನು ಎಲ್ಲಿ ಇಡುತ್ತದೆ, ಅಡಿಯಲ್ಲಿ ನೀರು ಇಳಿಯದ ಹಾಗೆ ಏನು ಹಾಸುತ್ತದೆ, ಧೂಳು ಏಳದಂತೆ ಮೇಲೆ ಏನು ಬೆಳೆಸುತ್ತದೆ, ಯಂತ್ರ ಓಡಿಸುವ ಕರೆಂಟು ಎಲ್ಲಿಂದ ತರುತ್ತದೆ ಎಂಬ ನಾಲ್ಕು ಪ್ರಶ್ನೆಗಳನ್ನು ಪರಿಸರ ಅಹವಾಲು ಸಭೆ ನಡೆದ ದಿನ ಕೇಳಬೇಕು. ಉತ್ತರವನ್ನು ಬರೆದುಕೊಡಿ ಅಂತಲೂ ಕೇಳಬೇಕು.