113ನ್ನು ಎಣಿಸಬೇಕಾದ್ದು ಎಲ್ಲಿ?

ಫಲಿತಾಂಶದ ದಿನ ನಾವು ಸ್ಟುಡಿಯೋದಲ್ಲಿ ಕೂತು ಬೆಳಗ್ಗೆಯಿಂದ ಸಂಜೆವರೆಗೂ ಒಂದೇ ನಂಬರ್ ಜಪಿಸ್ತೀವಿ. 113. ಒಟ್ಟು 224 ಸೀಟು, ಅದರಲ್ಲಿ 113 ಬಂದರೆ ಸರ್ಕಾರ. ಆದರೆ ಈ 113ನ್ನು ಎಣಿಸೋದು ಯಾರು, ಎಲ್ಲಿ ಎಣಿಸಬೇಕು? ಇವತ್ತು ಇದಕ್ಕೆ ಸ್ಪಷ್ಟ ಉತ್ತರ ಇದೆ. ಆ ಉತ್ತರ ಸಿಕ್ಕಿದ್ದು ನಮ್ಮ ಕರ್ನಾಟಕದಿಂದಲೇ.

ಸ್ವಲ್ಪ ಹಿಂದಕ್ಕೆ ಹೋಗೋಣ. 1983ರಲ್ಲಿ ಜನತಾ ಪಕ್ಷಕ್ಕೆ 95, ಕಾಂಗ್ರೆಸ್‌ಗೆ 82, ಬಿಜೆಪಿಗೆ 18 ಸೀಟು. ಯಾರಿಗೂ ಬಹುಮತ ಇಲ್ಲ. ಹೊರಗಿನವರ ಬೆಂಬಲ ಪಡೆದು ರಾಮಕೃಷ್ಣ ಹೆಗಡೆ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಮುಂದಿನ ವರ್ಷದ ಲೋಕಸಭಾ ಚುನಾವಣೆಯಲ್ಲಿ 28ರಲ್ಲಿ ಜನತಾ ಪಕ್ಷ ಗೆದ್ದದ್ದು ಬರೀ 4. ವಿಧಾನಸಭೆಯ ಅವಧಿ ಇನ್ನೂ ಬೇಕಾದಷ್ಟಿತ್ತು. ಕುರ್ಚಿಗೆ ಅಂಟಿಕೊಂಡು ಕೂರಬಹುದಿತ್ತು. ಹೆಗಡೆ ಹಾಗೆ ಮಾಡಲಿಲ್ಲ, ನೇರವಾಗಿ ಜನರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ ಅದೇ ಮತದಾರ ಅವರಿಗೆ 139 ಸೀಟು ಕೊಟ್ಟ. ದಿಲ್ಲಿಗೆ ಒಬ್ಬರು, ಬೆಂಗಳೂರಿಗೆ ಇನ್ನೊಬ್ಬರು ಅಂತ ಲೆಕ್ಕ ಹಾಕಿದ ಮತದಾರ ಅವನು!

ಈ ಸದನ 1990ರ ಮಾರ್ಚ್‌ವರೆಗೆ ಇರಬೇಕಿತ್ತು. ಇರಲಿಲ್ಲ. 1988ರ ಆಗಸ್ಟ್‌ನಲ್ಲಿ ಹೆಗಡೆ ರಾಜೀನಾಮೆ ಕೊಟ್ಟರು, ಎಸ್.ಆರ್. ಬೊಮ್ಮಾಯಿ ಬಂದರು. 1989ರ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ವಾಪಸ್ ಪಡೆದಿದ್ದಾರೆ ಅನ್ನುವ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಸೇರಿದವು. ಸರ್ಕಾರಕ್ಕೆ ಬಹುಮತ ಇಲ್ಲ ಅಂತ ಅವರು ದಿಲ್ಲಿಗೆ ವರದಿ ಬರೆದರು. ಮರುದಿನವೇ ಆ 19ರಲ್ಲಿ 7 ಜನ, ನಮ್ಮ ಸಹಿಯನ್ನು ತಪ್ಪು ತಿಳಿವಳಿಕೆ ಕೊಟ್ಟು ಪಡೆಯಲಾಗಿದೆ, ನಾವು ಸರ್ಕಾರದ ಜೊತೆಗೇ ಇದ್ದೇವೆ ಅಂತ ಬರೆದುಕೊಟ್ಟರು. ಬೊಮ್ಮಾಯಿ ಕೇಳಿದ್ದಾದರೂ ಏನು? ಸದನ ಕರೆಯಿರಿ, ಅಲ್ಲಿ ಬಹುಮತ ತೋರಿಸ್ತೀನಿ ಅಂತ. ಅಷ್ಟೇ. ರಾಜಭವನ ಒಪ್ಪಲಿಲ್ಲ. ಏಪ್ರಿಲ್ 21ಕ್ಕೆ ಸರ್ಕಾರ ವಜಾ, ವಿಧಾನಸಭೆ ವಿಸರ್ಜನೆ, ರಾಷ್ಟ್ರಪತಿ ಆಳ್ವಿಕೆ.

ಬೊಮ್ಮಾಯಿ ಕೋರ್ಟಿಗೆ ಹೋದರು. ಹೈಕೋರ್ಟ್‌ನಲ್ಲಿ ಸೋತರು. ಅಷ್ಟರಲ್ಲಿ ಹೊಸ ಚುನಾವಣೆ ಬಂತು, ಕಾಂಗ್ರೆಸ್ 178 ಸೀಟು ಬಾಚಿಕೊಂಡಿತು, ಜನತಾದಳ 24ಕ್ಕೆ ಕುಸಿಯಿತು. ಆದರೂ ಕೇಸು ಬಿಡಲಿಲ್ಲ. 1994ರ ಮಾರ್ಚ್ 11ರಂದು ಸುಪ್ರೀಂಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ಬಹುಮತ ಇದೆಯೋ ಇಲ್ಲವೋ ಅನ್ನೋದು ರಾಜ್ಯಪಾಲರ ಸ್ವಂತ ಅಭಿಪ್ರಾಯದ ವಿಷಯವಲ್ಲ, ಅದು ಸದನದಲ್ಲೇ ತೀರ್ಮಾನ ಆಗಬೇಕು. ಕರ್ನಾಟಕ ಸರ್ಕಾರವನ್ನು ವಜಾ ಮಾಡಿದ್ದು ಸಂವಿಧಾನಬಾಹಿರ.

ಬೊಮ್ಮಾಯಿಗೆ ಕುರ್ಚಿ ವಾಪಸ್ ಬಂತಾ? ಇಲ್ಲ. ಐದು ವರ್ಷ ಕಳೆದುಹೋಗಿತ್ತು, ಆ ವಿಧಾನಸಭೆಯೇ ಇರಲಿಲ್ಲ. ನ್ಯಾಯ ಅವರ ಪಾಲಿಗೆ ತಡವಾಯಿತು, ಆದರೆ ಅವರ ನಂತರದವರಿಗೆ ಸರಿಯಾದ ಹೊತ್ತಿಗೆ ಸಿಕ್ಕಿತು. 2018ರ ಮೇ ತಿಂಗಳು ನೆನಪಿದೆಯಲ್ಲ? ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37. ಬಹುಮತ ಸಾಬೀತಿಗೆ ರಾಜ್ಯಪಾಲರು ಯಡಿಯೂರಪ್ಪನವರಿಗೆ ಕೊಟ್ಟದ್ದು 15 ದಿನ. ಸುಪ್ರೀಂಕೋರ್ಟ್ ಹೇಳಿದ್ದು ಮೇ 19ರ ಸಂಜೆ 4 ಗಂಟೆ. ಮತಕ್ಕೆ ಹಾಕುವ ಮೊದಲೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಮರುವರ್ಷ ಕುಮಾರಸ್ವಾಮಿ ಸರ್ಕಾರ ಬಿದ್ದದ್ದೂ ಸದನದಲ್ಲೇ, 99ಕ್ಕೆ 105.

ಅಲ್ಲಿಗೆ ಎಲ್ಲ ಸರಿಹೋಯ್ತು ಅಂತ ನಾನು ಹೇಳಲ್ಲ. ಎಣಿಕೆ ಸದನಕ್ಕೆ ಬಂತು ನಿಜ, ಆದರೆ ಎಣಿಕೆಗೆ ಮುಂಚಿನ ವ್ಯವಹಾರ ರೆಸಾರ್ಟಿಗೆ ಹೋಯ್ತು. ಅದನ್ನು ತಡೆಯುವ ತೀರ್ಪು ಯಾವ ಕೋರ್ಟಿನಿಂದಲೂ ಬರಲ್ಲ. ಐದು ವರ್ಷಕ್ಕೊಮ್ಮೆ ಅದನ್ನು ಬರೆಯಬೇಕಾದವರು ನೀವೇ.