ನಾಯಿ ಕಚ್ಚಿದರೆ ಪಾಪ ಯಾರಿಗೆ?

ಭಾರತ ಹುಣ್ಣಿಮೆಯ ಆಸುಪಾಸಿನಲ್ಲಿ ತುಂಗಭದ್ರೆಯ ದಂಡೆಯ ಮೈಲಾರ ಅರಿಶಿನದ ಬಣ್ಣಕ್ಕೆ ತಿರುಗುತ್ತದೆ. ವಿಜಯನಗರ ಜಿಲ್ಲೆ ಹೂವಿನಹಡಗಲಿ ತಾಲ್ಲೂಕಿನ ಈ ಊರಿಗೆ ಎತ್ತಿನ ಬಂಡಿ, ಟ್ರ್ಯಾಕ್ಟರ್, ಬಸ್ಸುಗಳಲ್ಲಿ ಬಂದ ಜನಸಾಗರ ಬಿಲ್ಲನ್ನೇರಿದ ಗೊರವಯ್ಯ ನುಡಿಯುವ ಕಾರಣಿಕಕ್ಕಾಗಿ ಉಸಿರು ಬಿಗಿಹಿಡಿದು ಕಾಯುತ್ತದೆ. ಮಳೆ, ಬೆಳೆ, ರಾಜಕೀಯದ ಬಗ್ಗೆ ಸೂಚನೆ ನೀಡುವುದೆಂದು ನಂಬಲಾದ ಆ ಒಂದು ಸಾಲಿನ ನುಡಿ ಮರುದಿನ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಮೈಲಾರನ ಒಕ್ಕಲಿನಲ್ಲಿ ಇರುವ ಇನ್ನೊಂದು ಆಚರಣೆ ಮಾತ್ರ ಅಷ್ಟಾಗಿ ಸುದ್ದಿಯಾಗುವುದಿಲ್ಲ. ಕಂಬಳಿ ಹಾಸಿ, ದೋಣಿ ಎಂದು ಕರೆಯುವ ಭಿಕ್ಷಾಪಾತ್ರೆಗಳನ್ನು ಅದರ ಮೇಲಿಟ್ಟು, ಹಾಲು, ತುಪ್ಪ, ಬಾಳೆಹಣ್ಣು ಮುಂತಾದವನ್ನು ಸುರಿಯುತ್ತಾರೆ. ಕರಿಯ ಕಂಬಳಿ ತೊಟ್ಟ ಗೊರವರು ಮೊಣಕಾಲೂರಿ, ಬೊಗಳುತ್ತ, ಒಬ್ಬರ ಮೇಲೊಬ್ಬರು ಗುರುಗುಟ್ಟುತ್ತ, ಕೈ ಬಳಸದೆ ದೋಣಿಗೆ ಬಾಯಿ ಹಾಕಿ ಉಣ್ಣುತ್ತಾರೆ. ಆ ಹೊತ್ತು ಅವರು ಮೈಲಾರಲಿಂಗನ ನಾಯಿಗಳು.

ಹೊರಗಿನವರಿಗೆ ಇದು ವಿಚಿತ್ರವೆನಿಸಬಹುದು. 'ನಾಯಿ' ಎಂಬುದು ನಮ್ಮ ಆಡುಮಾತಿನಲ್ಲಿ ಬೈಗುಳ. ಆದರೆ ಮಣಿ ಮತ್ತು ಮಲ್ಲ ಎಂಬ ಅಸುರರನ್ನು ಸಂಹರಿಸಿದ ಮಾರ್ತಾಂಡ ಭೈರವನೇ ಮೈಲಾರನೆಂದು ನಂಬುವ ಭಕ್ತರಿಗೆ, ಕುದುರೆಯಂತೆ ನಾಯಿಯೂ ಅವನ ಪರಿವಾರಕ್ಕೆ ಸೇರಿದ್ದು. ಮಹಾರಾಷ್ಟ್ರದ ಜೇಜೂರಿಯ ಖಂಡೋಬನ ವಾಘ್ಯಾಗಳೂ ಹೀಗೆಯೇ ನಾಯಿಯಂತೆ ವರ್ತಿಸುವುದುಂಟು. ಈ ದೈವವನ್ನು ನಂಬಿದವರಲ್ಲಿ ಕುರುಬರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ರಾತ್ರಿ ಬಯಲಲ್ಲಿ ಕುರಿ ತರುಬಿದ ಮನುಷ್ಯನಿಗೆ ತೋಳದಿಂದ, ಕಳ್ಳನಿಂದ ರಕ್ಷಣೆ ನೀಡುವುದು ನಾಯಿ. ಅದಕ್ಕೆ ದೇವರ ಪಕ್ಕದಲ್ಲಿ ಜಾಗ ಸಿಕ್ಕಿದ್ದರಲ್ಲಿ ಸೋಜಿಗವೇನಿಲ್ಲ.

ಈ ಗೌರವದ ಒಳಗೇ ಒಂದು ತೊಡಕೂ ಇದೆ. ಕುರಿ ಕಾಯುವ ನಾಯಿಯ ಬೆಲೆ ಅದರ ಹಲ್ಲಿನಲ್ಲಿದೆ. ಕಚ್ಚಲಾರದ ನಾಯಿಗೆ ತೋಳ ಹೆದರುವುದಿಲ್ಲ. ಅದೇ ಹಲ್ಲು ದಾರಿಹೋಕನ ಕಾಲಿಗೋ ನೆರೆಮನೆಯ ಮಗುವಿನ ಮುಖಕ್ಕೋ ತಗುಲಿದರೆ ಉತ್ತರ ಹೇಳಬೇಕಾದವರು ಯಾರು? ಇಂದು ನಗರದ ಅಪಾರ್ಟ್‌ಮೆಂಟುಗಳಲ್ಲಿ ಜಗಳಕ್ಕೆ ಕಾರಣವಾಗಿರುವ ಈ ಪ್ರಶ್ನೆ ಹೊಸದಲ್ಲ. ಕನ್ನಡ ನಾಡು ಇದನ್ನು ಸಾವಿರ ವರ್ಷಗಳಿಂದಲೂ ಬಲ್ಲದು.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಿಲಾಶಾಸನವೊಂದು ಇತಿಹಾಸದ ವಿದ್ಯಾರ್ಥಿಗಳಿಗೆ ಚಿರಪರಿಚಿತ. ಅದರ ಕಾಲ ಶಕ ವರ್ಷ 872, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣ ಹಾಗೂ ಗಂಗ ಬೂತುಗ ಸೇರಿ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಸಂಗತಿ ಅದರಲ್ಲಿದೆ. ಈ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರ ಎಂಬ ವೀರನಿಗೆ 'ಮೆಚ್ಚಿದೆ, ಬೇಕಾದ್ದನ್ನು ಕೇಳು' ಎಂದಾಗ ಅವನು ಊರನ್ನಾಗಲಿ ಹೊನ್ನನ್ನಾಗಲಿ ಕೇಳಲಿಲ್ಲ. 'ಕಾಳಿ' ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಕೆಳಲೆ ನಾಡಿನಲ್ಲಿ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಸತ್ತವು. ಮಣಲೆರ ತನ್ನ ನಾಯಿಗಾಗಿ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟ. ಕಲ್ಲಿನ ಮೇಲೆ ಹಂದಿ, ನಾಯಿಗಳ ಕಾಳಗದ ಚಿತ್ರವೂ ಇದೆ.

ಇಷ್ಟು ಭಾಗ ಪಠ್ಯಪುಸ್ತಕಗಳಲ್ಲೂ ಬಂದಿದೆ. ಶಾಸನದ ಕೊನೆಯ ಎಚ್ಚರಿಕೆಯನ್ನು ಗಮನಿಸಿದವರು ಕಡಿಮೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಈ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ, ನಾಯಿ ಮಾಡಿದ ಪಾಪವೆಲ್ಲ ಅವನಿಗೆ ಬರುವುದು ಎಂದು ಅದು ಶಪಿಸುತ್ತದೆ. ಇಲ್ಲಿ ಗೊರವ ಎಂದರೆ ದೇವಾಲಯದ ಶೈವ ಅರ್ಚಕ. ಇಂದಿನ ಮೈಲಾರದ ಗೊರವನೊಡನೆ ಅವನನ್ನು ನೇರವಾಗಿ ಸಮೀಕರಿಸಲಾಗದು. ಆದರೂ ಈ ಶಾಪದ ಹಿಂದಿನ ಆಲೋಚನೆ ಸ್ವಾರಸ್ಯಕರ. ವೀರನೆಂದು ಪೂಜೆಗೊಳ್ಳುವ ನಾಯಿಯೂ ಪಾಪ ಮಾಡಿರುತ್ತದೆ ಎಂಬುದನ್ನು ಶಾಸನ ಮುಚ್ಚಿಡುವುದಿಲ್ಲ. ಅದರ ಹೆಸರಿನಲ್ಲಿ ಬಂದ ಭೂಮಿಯ ಅನ್ನ ಉಂಡು ಕರ್ತವ್ಯ ಮರೆತವನ ತಲೆಗೆ ಆ ಪಾಪ ಸುತ್ತಿಕೊಳ್ಳುತ್ತದೆ.

ಶಾಸನದ ಈ ಶಾಪ ಧರ್ಮದ ಮಾತು. ನ್ಯಾಯದ ಮಾತು ಬೇಕಿದ್ದರೆ ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ ಬರಬೇಕು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076-1126) ಆಶ್ರಯದಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಎಂಬ ವ್ಯಾಖ್ಯಾನ ಬರೆದ. ಹಿಂದೂ ಆಸ್ತಿ ಹಕ್ಕಿನ ವಿಷಯದಲ್ಲಿ ಇತ್ತೀಚಿನವರೆಗೂ ನ್ಯಾಯಾಲಯಗಳು ಅವಲಂಬಿಸಿದ್ದ ಗ್ರಂಥವದು. ಆ ಸ್ಮೃತಿಯಲ್ಲಿ ಒಂದು ನಿಯಮವಿದೆ. ಕೋರೆಹಲ್ಲಿನ ಅಥವಾ ಕೊಂಬಿನ ಪ್ರಾಣಿ ಮನುಷ್ಯನ ಮೇಲೆರಗಿದಾಗ, ಬಿಡಿಸುವ ಶಕ್ತಿಯಿದ್ದೂ ಬಿಡಿಸದ ಒಡೆಯನಿಗೆ 'ಪ್ರಥಮ ಸಾಹಸ' ದಂಡ. ಕಾಪಾಡಿ ಎಂದು ಕೂಗಿಕೊಂಡ ಮೇಲೂ ಸುಮ್ಮನಿದ್ದರೆ ಅದರ ಎರಡರಷ್ಟು. ಇದೇ ಸ್ಮೃತಿಯ ಲೆಕ್ಕದಲ್ಲಿ ಪ್ರಥಮ ಸಾಹಸವೆಂದರೆ 270 ಪಣ. ನಿಯಮ ನಾಯಿಯ ಹೆಸರನ್ನು ಪ್ರತ್ಯೇಕವಾಗಿ ಎತ್ತಿಲ್ಲ ನಿಜ. ಆದರೆ ಕೋರೆಹಲ್ಲಿನ ಮಾತು ಬಂದ ಮೇಲೆ ನಾಯಿ ಅದರ ಹೊರಗೆ ಉಳಿಯುವುದು ಕಷ್ಟ.

ಇಲ್ಲಿ ದಂಡ ಬೀಳುವುದು ಪ್ರಾಣಿಯ ಸ್ವಭಾವಕ್ಕಲ್ಲ, ಒಡೆಯನ ಉದಾಸೀನಕ್ಕೆ. ನಾಯಿಗಳ ಮೇಲಿನ ದ್ವೇಷದಿಂದ ಹುಟ್ಟಿದ ಚಿಂತನೆಯೂ ಇದಲ್ಲ. ಏಕೆಂದರೆ ಅದೇ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳನ್ನು ವಿವರಿಸುವಾಗ ಸಾರಮೇಯ ವಿನೋದಕ್ಕೆ, ಅಂದರೆ ನಾಯಿಗಳ ಬೇಟೆಯಾಟಕ್ಕೆ, ಪ್ರತ್ಯೇಕ ಸ್ಥಾನ ಕೊಟ್ಟಿದ್ದಾನೆ. ನಾಯಿಯ ಮೇಲಿನ ಪ್ರೀತಿ, ಅದರ ಒಡೆಯನ ಮೇಲಿನ ಹೊಣೆ ಎರಡೂ ಒಂದೇ ಅರಮನೆಯ ನೆರಳಿನಲ್ಲಿ ಬೆಳೆದವು.

ಬ್ರಿಟಿಷರ ಕಾಲದಲ್ಲಿ ಮೈಲಾರವಿದ್ದ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. 1860ರಲ್ಲಿ ರಚಿತವಾಗಿ 1862ರಲ್ಲಿ ಜಾರಿಗೆ ಬಂದ ಭಾರತೀಯ ದಂಡ ಸಂಹಿತೆಯ 289ನೆಯ ಕಲಮು ಸಾಕುಪ್ರಾಣಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರಿದ ಒಡೆಯನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದೇ ಅಪರಾಧ 291ನೆಯ ಕಲಮಾಗಿದೆ. ದಂಡದ ಮಿತಿ ಐದು ಸಾವಿರ ರೂಪಾಯಿಗೆ ಏರಿದೆ. ಪ್ರಾಣಿಯಿಂದ ಮನುಷ್ಯನ ಜೀವಕ್ಕೆ ಅಥವಾ ತೀವ್ರ ಗಾಯಕ್ಕೆ ಅವಕಾಶವಿದ್ದೂ ಸಾಕಷ್ಟು ಎಚ್ಚರ ವಹಿಸದಿರುವುದೇ ಇಲ್ಲಿ ಅಪರಾಧ. 'ಬೊಗಳುವ ನಾಯಿ ಕಚ್ಚುವುದಿಲ್ಲ' ಎಂಬ ಗಾದೆಯನ್ನು ಕಾನೂನು ಒಪ್ಪುವುದಿಲ್ಲ.

ಹಾಗೆಂದು ನಾಯಿಯನ್ನು ಹಗಲಿರುಳೂ ಸರಪಳಿಯಲ್ಲಿ ಬಿಗಿದಿಡುವುದೂ ಪರಿಹಾರವಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ, ಸದಾ ಕಟ್ಟಿಹಾಕಿದ ನಾಯಿಯನ್ನು ಸಾಕಷ್ಟು ಅಡ್ಡಾಡಿಸದೆ ಬಿಡುವುದು ಕ್ರೌರ್ಯ. ಇದರಲ್ಲಿ ದಯೆಯಷ್ಟೇ ವಿವೇಕವೂ ಇದೆ. ಕಟ್ಟಿದಲ್ಲೇ ದಿನ ಕಳೆಯುವ ನಾಯಿ ಹೊಸಬರನ್ನು ಕಂಡು ಹೆದರುತ್ತದೆ, ಓಡಿಹೋಗಲು ದಾರಿಯಿಲ್ಲದೆ ಮೇಲೆರಗುತ್ತದೆ.

ತಪ್ಪು ನಾಯಿಯ ತಳಿಯದೇ ಎಂಬ ವಾದವೂ ಇದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಸೇರಿದಂತೆ 23 ತಳಿಗಳ ಆಮದು, ಮಾರಾಟ, ಸಾಕಣೆಗಳನ್ನು ತಡೆಯುವಂತೆ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಸಂಬಂಧಪಟ್ಟವರ ಅಹವಾಲು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಅದನ್ನು ಮುಂದಿನ ತಿಂಗಳೇ ರದ್ದುಪಡಿಸಿತು. ದೊಡ್ಡ ದವಡೆಯ ನಾಯಿ ಕಚ್ಚಿದರೆ ಗಾಯ ಆಳವಾಗುತ್ತದೆ, ಅದು ಸುಳ್ಳಲ್ಲ. ಆದರೆ ಹೆದರಿದ, ನೋವಿನಲ್ಲಿರುವ, ಮರಿ ಹಾಕಿದ, ಅನ್ನದ ತಟ್ಟೆಯ ಮುಂದೆ ನಿಂತ ಯಾವ ನಾಯಿಯೂ ಕಚ್ಚಬಲ್ಲದು. ಪಟ್ಟಿಯಲ್ಲಿ ಹೆಸರಿಲ್ಲದ ಮನೆಯ ನಾಯಿ ನಿರುಪದ್ರವಿ ಎಂದು ಒಡೆಯ ನಿಶ್ಚಿಂತನಾಗುವಂತಿಲ್ಲ.

ನಾಯಿ ಕಡಿತ ಬರೀ ಗಾಯದ ಮಾತಾಗಿದ್ದರೆ ಇಷ್ಟು ಚರ್ಚೆ ಬೇಕಿರಲಿಲ್ಲ. ಅದರ ಹಿಂದೆ ರೇಬೀಸ್ ಇದೆ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಈ ರೋಗದಿಂದ ಬದುಕುಳಿಯುವುದು ಇಂದಿಗೂ ಅತ್ಯಪರೂಪ. 1885ರ ಜುಲೈ 6ರಂದು ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್, ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಬಾಲಕ ಜೋಸೆಫ್ ಮೈಸ್ಟರ್‌ಗೆ ಲಸಿಕೆ ಕೊಡಿಸಿ ಉಳಿಸಿದ. ದಕ್ಷಿಣ ಭಾರತಕ್ಕೆ ಆ ವಿದ್ಯೆ ಬಂದದ್ದು 1907ರಲ್ಲಿ, ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾದಾಗ. ಹುಚ್ಚುನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಮಾತು ಹಿರಿಯರಿಗೆ ನೆನಪಿದೆ. ಡೇವಿಡ್ ಸೆಂಪಲ್ ಕಸೌಲಿಯಲ್ಲಿ 1911ರಲ್ಲಿ ರೂಪಿಸಿದ ಆ ಹಳೆಯ ಲಸಿಕೆಯನ್ನು ಭಾರತ 2005ರ ಹೊತ್ತಿಗೆ ಕೈಬಿಟ್ಟಿತು. ಈಗ ತೋಳಿಗೆ ನಾಲ್ಕೈದು ಸರದಿ ಚುಚ್ಚುಮದ್ದು ಸಾಕು. ಆಳವಾದ ಗಾಯವಾಗಿದ್ದರೆ ಅದರ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಕೂಡ ಕೊಡುತ್ತಾರೆ.

ಆಸ್ಪತ್ರೆಗೆ ಹೋಗುವ ಮುಂಚಿನ ಚಿಕಿತ್ಸೆ ಎಲ್ಲರ ಮನೆಯಲ್ಲೂ ಇದೆ: ಹರಿಯುವ ನೀರು ಮತ್ತು ಸೋಪು. ಗಾಯವನ್ನು ಕನಿಷ್ಠ 15 ನಿಮಿಷ ತೊಳೆಯಬೇಕು. ಖಾರದಪುಡಿ, ಸುಣ್ಣ, ಎಣ್ಣೆ ಹಚ್ಚುವ ರೂಢಿ ಅಪಾಯಕರ. ದೇವರ ಭಂಡಾರವನ್ನು ಹಣೆಗೆ ಹಚ್ಚಿಕೊಳ್ಳಬಹುದು, ಗಾಯಕ್ಕಲ್ಲ. ತೊಳೆದ ಮೇಲೆ ತಡಮಾಡದೆ ಆಸ್ಪತ್ರೆ ಸೇರಬೇಕು. ಕಚ್ಚಿದ್ದು ಸಾಕುನಾಯಿಯಾದರೆ ಒಡೆಯ ಅದನ್ನು ಅಡಗಿಸಬಾರದು, ಕೊಲ್ಲಲೂ ಬಾರದು. ಹತ್ತು ದಿನ ಕಣ್ಣಳತೆಯಲ್ಲಿ ಇರಿಸಿ, ಅದಕ್ಕೆ ಹಾಕಿಸಿದ ಲಸಿಕೆಯ ದಾಖಲೆಯನ್ನು ವೈದ್ಯರಿಗೆ ತೋರಿಸಬೇಕು. ಆ ದಾಖಲೆ ಗಾಯಾಳುವಿನ ಚುಚ್ಚುಮದ್ದನ್ನು ಮುಂದೂಡಲು ನೆಪವಾಗಬಾರದು.

ಇವೆಲ್ಲ ಕಚ್ಚಿದ ಮೇಲಿನ ಮಾತು. ಕಚ್ಚದಂತೆ ನೋಡಿಕೊಳ್ಳುವುದು ಇದಕ್ಕಿಂತ ಸುಲಭ. ನಾಯಿ ಸಾಮಾನ್ಯವಾಗಿ ಮುನ್ಸೂಚನೆ ಕೊಡುತ್ತದೆ: ಮೈ ಬಿಗಿಯುತ್ತದೆ, ಕಿವಿ ಹಿಂದಕ್ಕೆ ಹೋಗುತ್ತದೆ, ತುಟಿ ಮೇಲೆತ್ತಿ ಗುರುಗುಟ್ಟುತ್ತದೆ. ಗುರುಗುಟ್ಟಿದ್ದಕ್ಕೆ ಹೊಡೆದರೆ ಅದು ಮುಂದಿನ ಸಲ ಗುರುಗುಟ್ಟದೆಯೇ ಕಚ್ಚುವುದನ್ನು ಕಲಿಯುತ್ತದೆ. ಒಮ್ಮೆ ಹಲ್ಲು ತೋರಿದ ನಾಯಿಯನ್ನು ಮೊದಲು ಪಶುವೈದ್ಯರಿಗೆ ತೋರಿಸಬೇಕು, ಕಿವಿನೋವು, ಕೀಲುನೋವುಗಳೂ ಸಿಟ್ಟಿಗೆ ಕಾರಣವಾಗುತ್ತವೆ. ಬೀದಿಗೆ ಕರೆದೊಯ್ಯುವಾಗ ಗಿಡ್ಡ ಹಗ್ಗ, ಅದನ್ನು ಹಿಡಿದು ನಿಲ್ಲಿಸುವ ಬಲವುಳ್ಳ ಕೈ ಬೇಕು. ಎತ್ತು ಪೈರಿಗೆ ಬಾಯಿ ಹಾಕದಿರಲೆಂದು ರೈತ ಕುಕ್ಕೆ ಕಟ್ಟುವಂತೆ, ಕಚ್ಚುವ ನಾಯಿಗೆ ಬಾಯಿ ಕಟ್ಟು ಹಾಕುವುದು ಶಿಕ್ಷೆಯಲ್ಲ. ಉಸಿರಾಡಲು, ನೀರು ಕುಡಿಯಲು ಆಗುವಂತಹದ್ದನ್ನು ಮನೆಯಲ್ಲೇ ಸ್ವಲ್ಪ ಸ್ವಲ್ಪ ರೂಢಿಮಾಡಿಸಬೇಕು. ಮಗುವನ್ನು ನಾಯಿಯ ಜೊತೆ ಒಂಟಿಯಾಗಿ ಬಿಡಬಾರದು. ನೆಂಟರು ಬಂದಾಗ ನಾಯಿ ಬೇರೆ ಕೋಣೆಯಲ್ಲಿರಲಿ. 'ನಾಯಿ ಇದೆ ಎಚ್ಚರಿಕೆ' ಎಂಬ ಫಲಕ ಒಳ್ಳೆಯದೇ. ಆದರೆ ಅದನ್ನು ಓದಲಾರದ ಮಗುವಿಗೆ, ಕಾಗದ ಕೊಡಲೇಬೇಕಾದ ಅಂಚೆಯವನಿಗೆ ಮುಚ್ಚಿದ ಗೇಟೇ ರಕ್ಷಣೆ.

ಮೈಲಾರದ ಗೊರವ ತಾನು ನಾಯಿಯೆಂದು ಹೇಳಿಕೊಳ್ಳುವಾಗ ತನಗೊಬ್ಬ ಒಡೆಯನಿದ್ದಾನೆ ಎಂಬುದನ್ನೂ ಹೇಳುತ್ತಾನೆ. ಮನೆಯ ಬಾಗಿಲಲ್ಲಿ ಮಲಗಿದ ನಾಯಿಯ ನಂಬಿಕೆಯೂ ಅದೇ. ಅದಕ್ಕೆ ಪಾಪ ಪುಣ್ಯ ತಿಳಿಯದು, ಕಲಮುಗಳೂ ತಿಳಿಯವು. ಆತಕೂರಿನ ಗೊರವನಿಗೆ ತನ್ನ ಊಟಕ್ಕೆ ಮುಂಚೆ ನಾಯಿಯ ಕಲ್ಲಿನ ಪೂಜೆ ಆಗಬೇಕಿತ್ತು. ಇಂದಿನ ಒಡೆಯ ತಾನು ಉಣ್ಣುವ ಮುಂಚೆ ನೋಡಬೇಕಾದದ್ದು ಗೇಟಿನ ಚಿಲಕ, ಕೊರಳಪಟ್ಟಿ, ವರ್ಷದ ಲಸಿಕೆಯ ತಾರೀಖು.